ಗಿರಣಿಯ ಕೈಸನ್ನೆ

ಹೋದ ವರ್ಷ ಕುಪ್ಪಗಡ್ಡೆಯಲ್ಲಿ ನನ್ನ ಹೆಂಡತಿ ಗೀತಾಳ ಚಿಕ್ಕಪ್ಪನ ಮಗಳ ಮದುವೆ. ಊಟದ ಪಂಕ್ತಿಗೆ ಶಾವಿಗೆ ಪಾಯಸ ಬಂತು. ಬಡಿಸುವವನು ಒಂದು ಸೌಟು ಹಾಕಿದ. ನನಗೆ ಸಿಹಿ ಅಷ್ಟಕ್ಕಷ್ಟೆ. ಸಾಕು ಎನ್ನಲು ಎಡಗೈ ಚಾಚಿದೆ. ಅಂಗೈ ಮೇಲೆ ಮಾಡಿ, ಏನನ್ನೋ ಎತ್ತುವ ಹಾಗೆ ಎರಡು ಸಲ ಎತ್ತಿದೆ. ಅವನು ಇನ್ನೊಂದು ಸೌಟು ಹಾಕಿದ. ನಾನು ಗಾಬರಿಯಾಗಿ ಮತ್ತಷ್ಟು ಜೋರಾಗಿ ಕೈ ಎತ್ತಿದೆ. ಅವನು ಸಂತೋಷದಿಂದ ಮತ್ತೊಂದು ಹಾಕಿದ. ಪಾಯಸ ಅನ್ನವನ್ನು ದಾಟಿ ಕೋಸಂಬರಿಯ ಕಡೆಗೆ ಹೊರಟಿತು. ಪಕ್ಕದಲ್ಲಿ ಕೂತಿದ್ದ ಉಳವಿಯ ಹಿರಿಯರೊಬ್ಬರು ಬಹಳ ಪ್ರೀತಿಯಿಂದ ನನ್ನ ಕಡೆ ವಾಲಿದರು.

"ನಾಚ್ಕೆ ಎಂತಕ್ಕೆ ಮಾರಾಯ್ರೆ? ಪಾಯ್ಸ ಅಂದ್ರೆ ನಂಗೂ ಜೀವ. ಹೊಡೀರಿ."

ಎದುರು ಸಾಲಿನಲ್ಲಿದ್ದ ಗೀತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಪಕ್ಕದಲ್ಲಿದ್ದ ನಮ್ಮ ಮಗಳು ಸಿಂಚನ ಅಷ್ಟು ಮರ್ಯಾದೆಯನ್ನೂ ಇಟ್ಟುಕೊಳ್ಳಲಿಲ್ಲ, ಬಿದ್ದು ಬಿದ್ದು ನಕ್ಕಳು. ನಾನು ಹೇಳಿದ್ದು ಏನೆಂದು ಆ ಚಪ್ಪರದಡಿಯಲ್ಲಿ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ನಾನು ಹೇಳಿದ್ದು "ಕಲ್ಲು ಎತ್ತು" ಎಂದು.

ಬಿಡಿಸಿ ಹೇಳುತ್ತೇನೆ. ಶಿಕಾರಿಪುರದ ಪೇಟೆಯ ಹಿಂದಿನ ಬೀದಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತಿರುವುದು. ನಾನು ಬಿ.ಎ. ಓದಿದವನು. ಆ ಸಂಗತಿ ಹಿಟ್ಟಿನ ಅಡಿಯಲ್ಲಿ ಮುಚ್ಚಿಹೋಗಿದೆ. ತಲೆ ನರೆತದ್ದೂ ಹಾಗೆಯೇ, ಯಾರ ಗಮನಕ್ಕೂ ಬರಲಿಲ್ಲ, ನನ್ನ ಗಮನಕ್ಕೂ ಬರಲಿಲ್ಲ. ಗಿರಣಿಯೊಳಗೆ ಎರಡು ಕಲ್ಲು. ಒಂದು ಸುಮ್ಮನಿರುತ್ತದೆ, ಇನ್ನೊಂದು ತಿರುಗುತ್ತದೆ, ನಡುವೆ ಸದಾ ಕಾಳು ಬೀಳುತ್ತಿರಬೇಕು. ಮೇಲಿನ ತಗಡಿನ ಡಬ್ಬ ಬರಿದಾದರೆ ಕಲ್ಲಿಗೆ ಕಲ್ಲು ತಿಕ್ಕುತ್ತದೆ, ಸುಟ್ಟ ವಾಸನೆ ಏಳುತ್ತದೆ, ಹಿಟ್ಟಿಗೆ ಕಲ್ಲಿನ ಪುಡಿ ಸೇರುತ್ತದೆ, ಆಮೇಲೆ ರೊಟ್ಟಿ ತಿನ್ನುವವರು ಒಂದೊಂದು ತುತ್ತಿಗೂ ನನ್ನನ್ನು ನೆನೆಯುತ್ತಾರೆ. ಆದ್ದರಿಂದ ಡಬ್ಬ ಬರಿದಾಗುವ ಮೊದಲೇ ಪಕ್ಕದ ಚಕ್ರ ತಿರುಗಿಸಿ ಕಲ್ಲುಗಳನ್ನು ಬೇರೆ ಮಾಡಬೇಕು. ಅದಕ್ಕೆ ಕಲ್ಲು ಎತ್ತುವುದು ಎನ್ನುತ್ತೇವೆ.

ಗಿರಣಿ ಓಡುವಾಗ ಮೈಗೆ ಮೈ ತಾಗಿಸಿ ನಿಂತವರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಎಲ್ಲದಕ್ಕೂ ಕೈಸನ್ನೆ. ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿದರೆ ನುಣ್ಣಗೆ ಬೀಸು. ಮುಷ್ಟಿಯನ್ನು ಸಡಿಲವಾಗಿ ಬಿಚ್ಚಿದರೆ ತರಿ ಇರಲಿ. ನಾಲಿಗೆಯ ತುದಿ ಮುಟ್ಟಿಕೊಂಡರೆ, ಇದಕ್ಕೆ ಮುಂಚೆ ಇಲ್ಲಿ ಮೆಣಸಿನಕಾಯಿ ಹಾಕಿದ್ದೆಯಾ ಎಂಬ ಅನುಮಾನ. ಅಂಗೈ ಎರಡು ಸಲ ಮೇಲೆತ್ತಿದರೆ ಕಲ್ಲು ಎತ್ತು, ಸಾಕು. ಇದನ್ನು ಯಾರೂ ಯಾರಿಗೂ ಕಲಿಸಿಲ್ಲ. ನಮ್ಮ ಬೀದಿಯ ಹೆಂಗಸರೆಲ್ಲ ಇದರಲ್ಲಿ ನಿಷ್ಣಾತರು. ನನ್ನ ಕೈಗೆ ಅದು ಎಷ್ಟು ಅಂಟಿದೆಯೆಂದರೆ ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಯಲ್ಲಿ ಕೂಡ ಬಾಯಿಗಿಂತ ಮುಂಚೆ ಕೈ ಹೊರಡುತ್ತದೆ.

ಸದ್ದಿನ ಇನ್ನೊಂದು ಅನುಕೂಲ, ಅದರೊಳಗೆ ಏನು ಬೇಕಾದರೂ ಹೇಳಬಹುದು. ನಾನು ಚಿಕ್ಕವನಿದ್ದಾಗ ಒಬ್ಬಾಕೆ ಪಕ್ಕದವರ ಕಿವಿಗೆ ಬಾಯಿಟ್ಟು ತನ್ನ ಸೊಸೆಯ ವಿಷಯ ಕೂಗಿ ಕೂಗಿ ಹೇಳುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಕಲ್ಲು ನಿಂತಿತು, ಆಕೆಯ ಬಾಯಿ ನಿಲ್ಲಲಿಲ್ಲ. "ಅಕಿ ರೊಟ್ಟಿ ಬಡಿದ್ರೆ ಹಂಚಿಗೇ ನಾಚ್ಕಿ ಬರ್ತತಿ" ಎಂಬ ವಾಕ್ಯ ಇಡೀ ಬೀದಿಗೆ ಕೇಳಿಸಿತು. ಜೋಳದ ಚೀಲ ಹೊತ್ತು ಆಗತಾನೇ ಬಾಗಿಲಲ್ಲಿ ನಿಂತಿದ್ದ ಸೊಸೆಗೂ ಕೇಳಿಸಿತು. ಅಲ್ಲಿಂದ ಮುಂದೆ ಅತ್ತೆ ನಮ್ಮ ಗಿರಣಿಗೂ ಸೊಸೆ ಬೇರೆ ಗಿರಣಿಗೂ ಹೋಗತೊಡಗಿದರು. ಅಪ್ಪನಿಗೆ ಅದರ ಬೇಸರ ಬಹಳ ದಿನ ಇತ್ತು, ಏಕೆಂದರೆ ಹೆಚ್ಚು ಹಿಟ್ಟು ಬೀಸಿಸುತ್ತಿದ್ದವಳು ಸೊಸೆ.

ನಾನು ಓದಿದ್ದೂ ಆ ಸದ್ದಿನೊಳಗೇ. ಆಗ ಮೋಟಾರಿನಿಂದ ಕಲ್ಲಿಗೆ ಒಂದು ಚರ್ಮದ ಪಟ್ಟಿ ಓಡುತ್ತಿತ್ತು. ಅದಕ್ಕೆ ಒಂದು ಕಡೆ ಹೊಲಿದ ಗಂಟು. ಪ್ರತಿ ಸುತ್ತಿಗೂ ಗಂಟು ಚಕ್ರಕ್ಕೆ ಬಡಿದು ಟಪ್ ಎನ್ನುತ್ತಿತ್ತು. ನಾನು ಮಗ್ಗಿ ಕಲಿತದ್ದು ಆ ಟಪ್ಪಿನ ಜೊತೆ. ಹದಿನೇಳರ ಮಗ್ಗಿ ಅರ್ಧ ಆಗಿದ್ದಾಗ ಅಪ್ಪ ಪಟ್ಟಿ ಬದಲಾಯಿಸಿದರು. ಹೊಸ ಪಟ್ಟಿ ಸದ್ದಿಲ್ಲದೆ ಓಡಿತು, ನನ್ನ ಹದಿನೇಳರ ಮಗ್ಗಿ ಅಲ್ಲೇ ನಿಂತಿತು. ಇವತ್ತಿಗೂ ಹದಿನೇಳು ಆರಲೆ ದಾಟಿದರೆ ನನಗೆ ಮೊಬೈಲು ಬೇಕು. ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ, ಇಡೀ ತರಗತಿ ಉಸಿರು ಬಿಗಿಹಿಡಿದು ಸುಮ್ಮನಿರುವಾಗ ಮಗ್ಗಿ ಹೇಳು ಎಂದರೆ ನನಗೆ ಎರಡರ ಮಗ್ಗಿಯೂ ಬರುತ್ತಿರಲಿಲ್ಲ. ಬೆಂಚನ್ನು ಬೆರಳಿನಿಂದ ತಟ್ಟಿದರೆ ಬರುತ್ತಿತ್ತು, ತಟ್ಟಿದ್ದಕ್ಕೆ ಏಟೂ ಬರುತ್ತಿತ್ತು.

ಇದನ್ನೆಲ್ಲ ಬಲ್ಲ ನಾನೇ ಮಗಳ ವಿಷಯದಲ್ಲಿ ಮಾಡಿದ್ದನ್ನು ಕೇಳಿ. ಸಿಂಚನ ಹತ್ತನೇ ತರಗತಿಗೆ ಬಂದ ವರ್ಷ ಅವಳ ಶಾಲೆಯಲ್ಲಿ ಪೋಷಕರ ಸಭೆ ಕರೆದರು. ಹೊರಗಿನಿಂದ ಒಬ್ಬ ಭಾಷಣಕಾರರು ಬಂದಿದ್ದರು. ಕಿವಿಗೆ ಸಿಕ್ಕಿಸಿದ ಮೈಕು, ಹೊಳೆಯುವ ಬೂಟು. ಈ ಕಾಲದ ಮಕ್ಕಳ ದೊಡ್ಡ ಶತ್ರು ಡಿಸ್ಟ್ರಾಕ್ಷನ್ನು ಎಂದರು. ಓದುವ ಕೋಣೆಯಲ್ಲಿ ಸದ್ದು ಇರಬಾರದು, ಚಿತ್ರ ಇರಬಾರದು, ಕಿಟಕಿಯ ಕಡೆ ಮುಖ ಇರಬಾರದು ಎಂದರು. ಅವರು ಹೇಳುತ್ತಿರುವಾಗ ನಾನು ಆ ಸಭಾಂಗಣದ ಫ್ಯಾನಿನ ಬೇರಿಂಗ್ ಸವೆದಿರುವ ಸದ್ದನ್ನೇ ಕೇಳುತ್ತಿದ್ದೆ. ಆದರೂ ಕೊನೆಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.

ಮನೆಗೆ ಬಂದವನೇ ಕೆಲಸ ಶುರು ಮಾಡಿದೆ. ಮಹಡಿಯ ಮೇಲೆ ಖಾಲಿ ಚೀಲ ತುಂಬುವ ಕೋಣೆಯನ್ನು ಬರಿದು ಮಾಡಿಸಿ ಬಿಳಿ ಬಣ್ಣ ಹೊಡೆಸಿದೆ. ಕ್ಯಾಲೆಂಡರು ತೆಗೆದೆ. ಗಡಿಯಾರದ ಟಿಕ್ ಟಿಕ್ ಕೂಡ ಬೇಡವೆಂದು ಅದನ್ನೂ ಇಳಿಸಿದೆ. ಮೊಬೈಲನ್ನು ಅಕ್ಕಿಯ ಡ್ರಮ್ಮಿನೊಳಗೆ ಹೂತಿಟ್ಟೆ. ಆದರೆ ಶಾಲೆಯವರು ಹೋಂವರ್ಕ್ ಕಳಿಸುವುದು ಮೊಬೈಲಿನ ಗುಂಪಿಗೆ. ಹಾಗಾಗಿ ಪ್ರತಿ ಸಂಜೆ ಅಕ್ಕಿಯೊಳಗೆ ಮೊಳಕೈವರೆಗೆ ಕೈ ಹಾಕಿ ಮೊಬೈಲು ಹುಡುಕುವುದು, ಹೋಂವರ್ಕ್ ನೋಡುವುದು, ಮತ್ತೆ ಹೂಳುವುದು.

"ಅಲ್ಲ ರೀ, ಸದ್ದಲ್ಲೇ ಹುಟ್ಟಿ ಬೆಳ್ದ ಹುಡ್ಗಿ. ಅವ್ಳನ್ನ ತಗಂಡ್ ಹೋಗಿ ಗವಿಯಲ್ಲಿ ಕೂರ್ಸಿದ್ರೆ ಎಂತ ಓದ್ತಾಳೆ?" ಎಂದಳು ಗೀತಾ.

"ನಿಂಗೆ ಗೊತ್ತಾಗಲ್ಲ. ಅವ್ರು ದೊಡ್ಡ ದೊಡ್ಡ ಊರಲ್ಲಿ ಭಾಷಣ ಮಾಡಿ ಬಂದಾರೆ."

ಆ ಕೋಣೆಯಲ್ಲಿ ಸಿಂಚನಳಿಗೆ ಬಂದದ್ದು ನಿದ್ದೆ ಒಂದೇ. ನಾನು ಮೆಟ್ಟಿಲು ಹತ್ತುವ ಸದ್ದಿಗೆ ಎಚ್ಚರಾಗಿ ಪುಸ್ತಕ ಹಿಡಿಯುತ್ತಿದ್ದಳು. ಕೆನ್ನೆಯ ಮೇಲೆ ಪುಸ್ತಕದ ಅಂಚಿನ ಗೆರೆ ಇರುತ್ತಿತ್ತು. ಕೊನೆಗೆ ಒಂದು ದಿನ ಕೆಳಗಿಳಿದು ಬಂದು ಗಿರಣಿಯ ಬಾಗಿಲಲ್ಲಿ ನಿಂತಳು.

"ಅಪ್ಪಾ, ಅಲ್ಲಿ ನನ್ ಕಿವಿ ಒಳಗಿನ ಸದ್ದೇ ನಂಗೆ ಕೇಳ್ತತಿ. ನಾ ಇಲ್ಲೇ ಕೂತು ಓದ್ತೀನಿ."

ಜೋಳದ ಮೂಟೆಯ ಮೇಲೆ ಕೂತಳು. ಅವಳ ಜೊತೆಗೆ ಆಯಿಷಾಳೂ ಬಂದು ಕೂತಳು. ಆಯಿಷಾ ಪಕ್ಕದ ಅಂಗಡಿಯ ಬಾಷಾ ಭಾಯ್ ಮಗಳು. ಬಾಷಾ ಭಾಯ್ ಬೈಕಿಗೆ, ಟ್ರ್ಯಾಕ್ಟರಿಗೆ ಸೀಟು ಹೊಲಿಯುತ್ತಾರೆ. ಇಬ್ಬರು ಹುಡುಗಿಯರೂ ಒಂದೇ ತರಗತಿ, ಒಂದೇ ಮೂಟೆ. ಗಿರಣಿ ಓಡುವಾಗ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳಬೇಕಲ್ಲ, ಅದಕ್ಕೆ ಕೈ ಆಡಿಸತೊಡಗಿದರು. ನುಣ್ಣಗೆ, ತರಿ, ಕಲ್ಲು ಎತ್ತು ಎಂಬ ನಮ್ಮ ಬಡ ಭಾಷೆಗೆ ನೋಡುನೋಡುತ್ತಿದ್ದಂತೆ ವಿಜ್ಞಾನ ಬಂತು, ಚರಿತ್ರೆ ಬಂತು. ಬೆಳಕು ನೀರಿಗೆ ಇಳಿಯುವಾಗ ಬಾಗುವುದನ್ನು ಮಣಿಕಟ್ಟು ಬಾಗಿಸಿ ತೋರಿಸುವರು. ಮುಷ್ಟಿಯೇ ಹೃದಯ, ನಾಲ್ಕು ಗೆಣ್ಣುಗಳೇ ಅದರ ನಾಲ್ಕು ಕೋಣೆ, ಇನ್ನೊಂದು ಕೈಯ ಬೆರಳು ರಕ್ತವಾಗಿ ಒಂದೊಂದೇ ಕೋಣೆಗೆ ಹೋಗಿ ಬರುವುದು. ದತ್ತು ಮಕ್ಕಳಿಗೆ ರಾಜ್ಯದ ಹಕ್ಕಿಲ್ಲ ಎಂದು ಬ್ರಿಟಿಷರು ಮಾಡಿದ ನೀತಿಗೆ ಮಗುವನ್ನು ತೋಳಲ್ಲಿ ತೂಗಿ, ಆಮೇಲೆ ಇಲ್ಲ ಎಂದು ಕೈ ಬೀಸುವುದು.

ಸಾಲಿನಲ್ಲಿ ಕಾಯುವ ಹೆಂಗಸರಿಗೆ ಇದು ಒಳ್ಳೆಯ ಮನರಂಜನೆ. ಅವರಲ್ಲಿ ಹಾಲಮ್ಮ ಎಂಬವರು ತಮ್ಮ ಸರದಿ ಬಂದರೂ ಮುಂದಿನವರಿಗೆ ಬಿಟ್ಟುಕೊಟ್ಟು ನೋಡುತ್ತ ಕೂರುವರು. ಒಂದು ದಿನ ಸಿಂಚನ ಆಯಿಷಾಳ ಹೆಗಲ ಮೇಲೆ ಒಂದು ಕೈ ಹಾಕಿ, ಇನ್ನೊಂದು ಕೈಯಿಂದ ಅವಳ ಇಲ್ಲದ ತಟ್ಟೆಯ ಊಟ ತೆಗೆದು ತೆಗೆದು ತಿನ್ನತೊಡಗಿದಳು. ಕರೆಂಟು ಹೋದಾಗ ಹಾಲಮ್ಮ ಕೇಳಿದರು.

"ಅದೇನವ್ವ, ಸ್ನೇಹ ಮಾಡ್ದಂಗೆ ಮಾಡಿ ಅಕಿ ಊಟನೇ ಖಾಲಿ ಮಾಡಿದ್ಯಲ್ಲ?"

"ಸಹಾಯಕ ಸೈನ್ಯ ಪದ್ಧತಿ ಅಮ್ಮಾ. ನಿಮ್ಮನ್ನ ನಾವು ಕಾಯ್ತೀವಿ ಅಂತ ಬ್ರಿಟಿಷರು ರಾಜರ ಹತ್ರ ಸೈನ್ಯ ಇಟ್ರು. ಆ ಸೈನ್ಯದ ಖರ್ಚೆಲ್ಲ ರಾಜರದ್ದೇ."

"ನಮ್ಮ ಮೈದುನ ಬಂದು ಮನ್ಯಾಗ ಕುಂತಂಗೆ ಆತು ಬಿಡು" ಎಂದು ಹಾಲಮ್ಮ ಆ ಪಾಠವನ್ನು ಮುಗಿಸಿದರು. ನಾನು ಬಿ.ಎ.ಯಲ್ಲಿ ಚರಿತ್ರೆ ಓದಿದವನು. ಆ ಪದ್ಧತಿಯ ಷರತ್ತುಗಳನ್ನು ಬಾಯಿಪಾಠ ಮಾಡಿ ಬರೆದಿದ್ದೆ, ಪರೀಕ್ಷೆಯ ಮಾರನೇ ದಿನ ಮರೆತಿದ್ದೆ. ಈಗ ಯಾರಾದರೂ ಹೆಗಲ ಮೇಲೆ ಕೈ ಹಾಕಿದರೆ ಷರತ್ತುಗಳೆಲ್ಲ ನೆನಪಾಗುತ್ತವೆ.

ಈ ಹುಡುಗಿಯರ ಇನ್ನೊಂದು ಗುಣವನ್ನು ಹೇಳಬೇಕು. ಎಷ್ಟೇ ಮೈಮರೆತು ಪಾಠದಲ್ಲಿ ಮುಳುಗಿದ್ದರೂ ಡಬ್ಬ ಬರಿದಾಗುವ ಹೊತ್ತಿಗೆ ಸಿಂಚನ ತಲೆ ಎತ್ತದೆ, ಪುಟದ ಮೇಲಿನ ಕಣ್ಣು ತೆಗೆಯದೆ, ಎಡಗೈಯನ್ನು ಎರಡು ಸಲ ಮೇಲೆತ್ತುತ್ತಿದ್ದಳು. ಕಲ್ಲಿನ ಸದ್ದು ಸ್ವಲ್ಪ ತೆಳ್ಳಗಾಗುತ್ತದೆ, ಅದು ಅವಳಿಗೆ ನನಗಿಂತ ಮುಂಚೆ ಕೇಳಿಸುತ್ತಿತ್ತು. ನಾನು ಕಲ್ಲು ಎತ್ತುತ್ತಿದ್ದೆ. ಅವಳು ಓದು ಮುಂದುವರಿಸುತ್ತಿದ್ದಳು. ನನಗೆ ಅವಳ ಗಮನದ ವಿಷಯದಲ್ಲಿ ಚಿಂತೆ ಹೋಯಿತು. ಮಹಡಿಯ ಕೋಣೆಗೆ ಚೀಲಗಳು ವಾಪಸು ಹೋದವು.

ಎಲ್ಲ ಸರಿಯಾಯಿತು ಎಂದುಕೊಂಡಿರುವಾಗ ಪ್ರಿಪರೇಟರಿ ಪರೀಕ್ಷೆಯ ದಿನ ಶಾಲೆಯಿಂದ ಫೋನು ಬಂತು. ತಕ್ಷಣ ಬನ್ನಿ ಎಂದರು. ನಾನು ತಲೆಯ ಹಿಟ್ಟು ಕೊಡವದೆ ಹಾಗೇ ಹೋದೆ. ಹೆಡ್ ಮೇಡಂ ಕೋಣೆಯಲ್ಲಿ ಬಾಷಾ ಭಾಯ್ ಆಗಲೇ ಕೂತಿದ್ದರು. ಗೋಡೆಗೆ ಒರಗಿ ಇಬ್ಬರು ಹುಡುಗಿಯರು ನಿಂತಿದ್ದರು. ಮೇಜಿನ ಮೇಲೆ ಅವರ ಅರ್ಧ ಬರೆದ ಉತ್ತರಪತ್ರಿಕೆಗಳು.

"ಎಕ್ಸಾಂ ಹಾಲಲ್ಲಿ ಇವರಿಬ್ಬರೂ ಕೈಯಲ್ಲಿ ಮಾತಾಡ್ತಿದ್ರು. ನಾನೇ ನೋಡಿದೀನಿ. ಒಂದೇ ಥರ ಮುಷ್ಟಿ, ಒಂದೇ ಥರ ಬೆರಳು. ಇದು ಕೋಡ್ ಅಲ್ದೆ ಇನ್ನೇನು?" ಎಂದರು ಮೇಲ್ವಿಚಾರಣೆಗಿದ್ದ ಸರ್. ತರಗತಿಯಲ್ಲಿ ಅಚ್ಚುಕಟ್ಟಾಗಿ ಗಣಿತ ಹೇಳಿಕೊಡುವವರು, ಸುಳ್ಳು ಹೇಳುವವರಲ್ಲ.

"ಕಾಪಿ ಹೊಡ್ದಿಲ್ಲ ಸರ್" ಎಂದಳು ಸಿಂಚನ. "ಹೃದಯದ ಪ್ರಶ್ನೆ ಬಂದಿತ್ತು. ಕೈ ಆಡಿಸಿದ್ರೆ ನಂಗೆ ನೆನಪಾಗ್ತತಿ. ಅವಳಿಗೂ ಹಂಗೇ."

"ಇಬ್ಬರಿಗೂ ಒಂದೇ ಥರ ನೆನಪಾಗುತ್ತಾ?"

ನನಗೆ ಉತ್ತರ ಗೊತ್ತಿತ್ತು, ಆದರೆ ಅದನ್ನು ಹೇಳಿದರೆ ಯಾರು ನಂಬುತ್ತಾರೆ? ಗಿರಣಿ, ಜೋಳದ ಮೂಟೆ, ಹಾಲಮ್ಮ ಎಂದು ನಾನು ತೊದಲಿದೆ. ಹೇಳುತ್ತ ಹೇಳುತ್ತ ನನ್ನ ಕೈಗಳೂ ಆಡತೊಡಗಿದವು. ಗಣಿತದ ಸರ್ ನನ್ನ ಕೈಗಳನ್ನು ನೋಡಿ, ಆಮೇಲೆ ಮೇಡಂ ಮುಖ ನೋಡಿದರು. ಕೋಡು ಇಡೀ ಕುಟುಂಬಕ್ಕೆ ಹಬ್ಬಿದೆ ಎಂದು ಅವರಿಗೆ ಖಾತ್ರಿಯಾಯಿತು.

ಹೆಡ್ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಮಾಡಿ ಹಾಕಿಸಿದರು. ಒಬ್ಬಳು ಕಿಟಕಿಯ ಕಡೆಗೆ, ಇನ್ನೊಬ್ಬಳು ಬೀರುವಿನ ಕಡೆಗೆ ಮುಖ ಮಾಡಿ ಕೂತರು. ಮೇಡಂ ಚರಿತ್ರೆಯ ಪುಸ್ತಕ ತೆರೆದು, "ಸಹಾಯಕ ಸೈನ್ಯ ಪದ್ಧತಿ" ಎಂದರು. ಬೇರೇನೂ ಹೇಳಲಿಲ್ಲ. ಎರಡೂ ಕುರ್ಚಿಗಳಲ್ಲಿ ಒಂದೇ ಹೊತ್ತಿಗೆ ಒಂದು ಕೈ ಗಾಳಿಯಲ್ಲಿ ಯಾರದೋ ಹೆಗಲ ಮೇಲೆ ಬಿತ್ತು, ಇನ್ನೊಂದು ಕೈ ಯಾರದೋ ತಟ್ಟೆಗೆ ಹೋಯಿತು. ಬಾಷಾ ಭಾಯ್ ಮೆಲ್ಲಗೆ "ಯಾ ಅಲ್ಲಾ" ಎಂದರು. ಮೇಡಂ ಪುಸ್ತಕ ಮುಚ್ಚಿದರು. ಅವರಿಗೆ ನಗು ಬಂದಿತ್ತು, ತಡೆದುಕೊಂಡರು.

"ನಂಬಿದೆ. ನಾಳೆ ಬೇರೆ ಪ್ರಶ್ನೆಪತ್ರಿಕೆ ಕೊಡ್ತೀನಿ, ಬೇರೆ ಬೇರೆ ರೂಮಲ್ಲಿ ಕೂತು ಬರೀರಿ. ಆದ್ರೆ ಮಂಜಣ್ಣ, ಇನ್ನೊಂದು ಮಾತಿದೆ" ಎಂದು ನನ್ನ ಕಡೆ ತಿರುಗಿದರು. "ಇಲ್ಲಿ ನಾನಿದೀನಿ, ಕರೆದು ಕೇಳಿದೆ. ಪಬ್ಲಿಕ್ ಪರೀಕ್ಷೆಯಲ್ಲಿ ಪ್ರತಿ ರೂಮಿಗೂ ಕ್ಯಾಮೆರಾ ಇರುತ್ತೆ. ಎಲ್ಲೋ ಕೂತು ನೋಡೋರಿಗೆ ನಿಮ್ಮ ಗಿರಣಿ ಗೊತ್ತಿರಲ್ಲ. ಕೈ ಆಡಿದ್ರೆ ಬಂದು ಎಬ್ಬಿಸ್ತಾರೆ. ವರ್ಷ ಹೋಗುತ್ತೆ. ಕೈ ನಿಲ್ಲಿಸೋದನ್ನ ಕಲಿಸಿ."

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕೈ ಆಡಿಸಿದರೆ ಪರೀಕ್ಷೆ ಹೋಗುತ್ತದೆ, ಕೈ ಕಟ್ಟಿದರೆ ಪಾಠ ಹೋಗುತ್ತದೆ. ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬಂದೆ.

ಅಂದಿನಿಂದ ಮನೆಯಲ್ಲಿ ಕೈ ನಿಲ್ಲಿಸುವ ಅಭ್ಯಾಸ ಶುರುವಾಯಿತು. ನಾನು ಪ್ರಶ್ನೆ ಕೇಳುವುದು, ಅವಳು ಕೈ ಆಡಿಸದೆ ಉತ್ತರ ಹೇಳುವುದು. ಪೆನ್ನು ಹಿಡಿದ ಬಲಗೈಗೆ ಬರೆಯುವ ಕೆಲಸವಿತ್ತು, ಅದು ಬೇಗ ಸುಮ್ಮನಾಯಿತು. ಎಡಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಏಳುತ್ತಿತ್ತು, ನಾನು "ಕೈ" ಎನ್ನುತ್ತಿದ್ದೆ, ಇಳಿಯುತ್ತಿತ್ತು. ದಿನಕ್ಕೆ ಎಷ್ಟು ಸಲ "ಕೈ" ಎಂದೆನೋ ಲೆಕ್ಕವಿಲ್ಲ. ಗೀತಾ ಒಳಗಿನಿಂದ ಒಮ್ಮೆ, "ಆ ಹುಡ್ಗಿ ಕೈಗಿಂತ ನಿಮ್ ಬಾಯಿ ಜಾಸ್ತಿ ಆಡ್ತದೆ" ಎಂದಳು. ಕಡೆಗೆ ಸಿಂಚನ ತಾನೇ ಒಂದು ಉಪಾಯ ಕಂಡುಕೊಂಡಳು. ಎಡಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂರುವುದು.

ಓದುವ ರಜೆಯಲ್ಲಿ ಕುಪ್ಪಗಡ್ಡೆಯ ಅಜ್ಜಿಯ ಮನೆಗೆ ಕಳಿಸಿದೆವು. ಗಿರಣಿಯಿಂದ ದೂರವಿದ್ದರೆ ಕೈ ಬೇಗ ಮರೆಯುತ್ತದೆ ಎಂಬ ಲೆಕ್ಕಾಚಾರ ನನ್ನದು. ಕೆಲವು ದಿನಗಳ ನಂತರ ಅತ್ತೆಯ ಫೋನು ಬಂತು.

"ಅಲ್ಲಾ ಅಳಿಯಂದ್ರೆ, ಈ ಹುಡ್ಗಿಗೆ ಎಂತ ಆಗಿದೆ? ಮೊದ್ಲು ಬಂದ್ರೆ ಮನೆ ತುಂಬ ಕೈ ಆಡಿಸ್ಕಂಡು ಕಥೆ ಹೇಳ್ತಿತ್ತು. ಈಗ ಊಟಕ್ಕೆ ಕೂತ್ರೂ ಒಂದ್ ಕೈ ಮೇಲೆ ಕೂತಿರ್ತದೆ. ಮಾತೂ ಕಮ್ಮಿ. ಪೆಟ್ಟು ಗಿಟ್ಟು ಆಗಿದ್ಯಾ?"

ಇಲ್ಲ ಅತ್ತೆ, ಓದುತ್ತಿದ್ದಾಳೆ ಎಂದೆ. ಫೋನಿಟ್ಟ ಮೇಲೆ ನನಗೆ ಕೆಲಸ ಓಡಲಿಲ್ಲ. ಮಾರನೇ ದಿನವೇ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ, ಅಲ್ಲಿಂದ ಕುಪ್ಪಗಡ್ಡೆಗೆ ಬಸ್ಸು ಹಿಡಿದು ಹೋಗಿ ಕರೆದುಕೊಂಡು ಬಂದೆ. ಬರುವಾಗ ಕಿಟಕಿಯ ಪಕ್ಕ ಕೂತಿದ್ದಳು. ಎಡಗೈ ತೊಡೆಯ ಕೆಳಗೇ ಇತ್ತು. ಬಸ್ಸು ಎತ್ತಿ ಹಾಕುವಾಗಲೂ ಮುಂದಿನ ಸೀಟನ್ನು ಬಲಗೈಯಿಂದಷ್ಟೇ ಹಿಡಿದುಕೊಂಡಳು.

"ಕೈ ನೋಯಲ್ವೇನೇ?" ಎಂದೆ.

"ರೂಢಿ ಆಗೈತಿ."

ಪರೀಕ್ಷೆ ಬಂತು. ಪ್ರತಿ ದಿನ ನಾನು ಮತ್ತು ಬಾಷಾ ಭಾಯ್ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಮರದ ಕೆಳಗೆ ನಿಂತಿರುತ್ತಿದ್ದೆವು. ಒಳಗಿನಿಂದ ಜೀಪು ಬಂದರೆ, ಯಾರಾದರೂ ಬಿರುಸಾಗಿ ನಡೆದರೆ ಇಬ್ಬರೂ ಗೇಟಿನ ಸರಳು ಹಿಡಿದು ಇಣುಕುತ್ತಿದ್ದೆವು. ಅವರು ಸೀಟಿನ ಸೂಜಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದು ಬೆರಳಲ್ಲಿ ತಿರುಗಿಸುತ್ತಿದ್ದರು, ನಾನು ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕುತ್ತಿದ್ದೆ. ಕೈ ಸುಮ್ಮನಿರಲಿ ಎಂದು ಮಕ್ಕಳಿಗಾಗಿ ಬೇಡುತ್ತಿದ್ದ ಇಬ್ಬರಿಗೂ ಕೈ ಸುಮ್ಮನಿರಿಸಲು ಆಗುತ್ತಿರಲಿಲ್ಲ. ಸಿಂಚನ ಹೊರಗೆ ಬಂದಾಗ ಎಡಗೈಯ ಹಿಂಭಾಗದಲ್ಲಿ ಬೆಂಚಿನ ಹಲಗೆಯ ಅಂಚು ಕೆಂಪಗೆ ಮೂಡಿರುತ್ತಿತ್ತು. ಆಯಿಷಾ ಕಾಲ್ಬೆರಳುಗಳಲ್ಲಿ ಹೇಗೋ ಕೆಲಸ ಸಾಗಿಸಿದೆ ಎಂದಳು. ಹೇಗೆ ಎಂದು ನಾನು ಕೇಳಲಿಲ್ಲ. ಯಾರೂ ಅವರನ್ನು ಎಬ್ಬಿಸಲಿಲ್ಲ. ಇಬ್ಬರೂ ಚೆನ್ನಾಗಿಯೇ ಬರೆದರು, ಮುಂದೆ ಚೆನ್ನಾಗಿಯೇ ಪಾಸಾದರು. ಹೆಡ್ ಮೇಡಂ ಫೋನು ಮಾಡಿ ಅಭಿನಂದಿಸಿದರು. ನನಗೆ ಬೇಕಾದದ್ದು ಸಿಕ್ಕಿತ್ತು.

ಆದರೆ ನಾನು ಈಗ ಹೇಳುತ್ತಿರುವುದು ಪರೀಕ್ಷೆ ಮುಗಿದ ವಾರದ ಸಂಗತಿ. ಬೇಸಿಗೆಯಲ್ಲಿ ಗಿರಣಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಸಂಡಿಗೆಗೆ ಅಕ್ಕಿ, ಹಪ್ಪಳಕ್ಕೆ ಉದ್ದು, ಎಲ್ಲರದ್ದೂ ಅವಸರ. ಬಾಗಿಲಾಚೆಯವರೆಗೆ ಚೀಲಗಳ ಸಾಲು. ಸಿಂಚನ ಮತ್ತು ಆಯಿಷಾ ಹಳೆಯ ಮೂಟೆಯ ಮೇಲೆ ಕೂತಿದ್ದರು. ಓದಲು ಏನೂ ಇರಲಿಲ್ಲ. ಆಯಿಷಾಳ ಕೈಗಳು ಗಾಳಿಯಲ್ಲಿ ಏನನ್ನೋ ಹೇಳುತ್ತಿದ್ದವು. ಸಿಂಚನ ತಲೆ ಆಡಿಸುತ್ತಿದ್ದಳು, ತುಟಿ ಆಡಿಸುತ್ತಿದ್ದಳು. ಎಡಗೈ ತೊಡೆಯ ಕೆಳಗಿತ್ತು. ಹಾಲಮ್ಮ ಎದುರಿಗೆ ನಿಂತು ಮಗುವನ್ನು ತೂಗುವ ಸನ್ನೆ ಮಾಡಿದರು, ದತ್ತು ಮಕ್ಕಳ ಪಾಠ ಮಾಡು ಎಂದು. ಸಿಂಚನ ನಕ್ಕು ಬಾಯಲ್ಲಿ ಏನೋ ಹೇಳಿದಳು. ಗಿರಣಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹಾಲಮ್ಮ ಸ್ವಲ್ಪ ಹೊತ್ತು ಕಾದು ತಮ್ಮ ಚೀಲದ ಕಡೆಗೆ ಹೋದರು.

ಕೈ ನಿಲ್ಲಿಸುವುದನ್ನು ಕಲಿಸಿದವನು ನಾನು. ಮತ್ತೆ ಆಡಿಸುವುದನ್ನು ಕಲಿಸುವುದು ಹೇಗೆ ಎಂದು ಯಾವ ಸಭೆಯಲ್ಲೂ ಯಾರೂ ಹೇಳಿರಲಿಲ್ಲ. ಪರೀಕ್ಷೆ ಮುಗಿಯಿತಲ್ಲ, ಇನ್ನು ಕೈ ತೆಗಿ ಎಂದು ಹೇಳಬಹುದಿತ್ತು. ಹೇಳಿದರೆ ಅದೂ ಇನ್ನೊಂದು ಅಪ್ಪಣೆಯಾಗುತ್ತದೆ, ಹೋಂವರ್ಕಿನ ಹಾಗೆ ಮಾಡಿ ತೋರಿಸುತ್ತಾಳೆ ಎಂದು ಸುಮ್ಮನಿದ್ದೆ. ಚಕ್ರದ ಮೇಲೆ ಕೈಯಿಟ್ಟು ಅವಳ ಆ ಮೊಳಕೈಯನ್ನೇ ನೋಡುತ್ತ ನಿಂತೆ. ಡಬ್ಬದಲ್ಲಿ ಯಾರದೋ ಅಕ್ಕಿ ಇತ್ತು, ಯಾರದೆಂದು ನೆನಪಿಲ್ಲ. ಸಾಲಿನಲ್ಲಿ ಯಾರೋ ಏನೋ ಸನ್ನೆ ಮಾಡಿದರು, ನೋಡಲಿಲ್ಲ.

ಸಿಂಚನ ಆಯಿಷಾಳ ಕಡೆ ತಿರುಗಿಕೊಂಡು ಏನನ್ನೋ ಕೇಳುತ್ತಿದ್ದಳು. ನನ್ನ ಕಡೆ ನೋಡಲೇ ಇಲ್ಲ. ಆ ಎಡಗೈ ತೊಡೆಯ ಕೆಳಗಿನಿಂದ ಹೊರಗೆ ಬಂತು. ಅಂಗೈ ಮೇಲಾಯಿತು. ಎರಡು ಸಲ ಎದ್ದಿತು.

ನಾನು ಸಂತೋಷದಿಂದ ಅದನ್ನು ನೋಡುತ್ತ ನಿಂತೆ. ಕುಪ್ಪಗಡ್ಡೆಯ ಪಾಯಸದವನು ಕೂಡ ಇಷ್ಟು ದಡ್ಡನಾಗಿರಲಿಲ್ಲ, ಅವನು ಒಂದು ಸೌಟಾದರೂ ಹಾಕಿದ್ದ. ಕೈ ಮತ್ತೆ ಎದ್ದಿತು, ಈ ಸಲ ಜೋರಾಗಿ. ಆಗ ನನ್ನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಹೆಂಗಸರೆಲ್ಲ ಒಟ್ಟಿಗೆ ಕೈ ಎತ್ತಿ ಕೂಗುತ್ತಿದ್ದರು. ಡಬ್ಬ ಬರಿದಾಗಿತ್ತು.

ಸಿಂಚನ ಈಗ ನನ್ನ ಕಡೆ ತಿರುಗಿದ್ದಳು. ಎರಡೂ ಕೈಗಳನ್ನು ಮೇಲೆತ್ತಿ, ಸದ್ದಿನೊಳಗೆ ಬಾಯಿ ದೊಡ್ಡದು ಮಾಡಿ ಬೈಯುತ್ತಿದ್ದಳು. ಒಂದು ಮಾತೂ ಕೇಳಿಸಲಿಲ್ಲ, ಎಲ್ಲವೂ ಅರ್ಥವಾಯಿತು. ಎಲ್ಲಿ ಐತಿ ನಿನ್ ಗಮನ ಎನ್ನುತ್ತಿದ್ದಳು.

ನಾನು ಕಲ್ಲು ಎತ್ತಿದೆ.